ಮೆಚ್ಚಿಸುವೆನು

ರೋಗಿಯ ಸಮಾಧಾನಕ್ಕಾಗಿ ವೈದ್ಯನು ಸುಳ್ಳು ಹೇಳಬಹುದೆ? ಇಂಗ್ಲಿಷ್ ವೈದ್ಯಶಾಸ್ತ್ರದ ಒಂದು ಶಬ್ದವೇ ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ಔಷಧದ ವೇಷ ತೊಟ್ಟ ಸಕ್ಕರೆ ಗುಳಿಗೆಗೆ 'ಪ್ಲಸೀಬೊ' ಎಂದು ಹೆಸರು. ಈಗ ಅದು ನಾಮಪದ. ಹುಟ್ಟಿನಿಂದ ಲ್ಯಾಟಿನ್ ಕ್ರಿಯಾಪದ. 'ಮೆಚ್ಚಿಸುವೆನು' ಎಂದರ್ಥ. ಇಂಗ್ಲಿಷಿಗೆ ಮೂರು ಮಾತು ಬೇಕಾಗುವುದನ್ನು ಲ್ಯಾಟಿನ್ನಿನಂತೆ ಕನ್ನಡವೂ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ. 'ನಾನು' ಎಂಬುವನು ಪ್ರತ್ಯಯದಲ್ಲಿ ಅಡಗಿ ಕುಳಿತಿರುತ್ತಾನೆ.

ಮೊದಲಿಗೆ ಮೆಚ್ಚಬೇಕಾಗಿದ್ದವನು ದೇವರು. ಮಧ್ಯಯುಗದ ಕ್ರೈಸ್ತರು ಸತ್ತವರಿಗಾಗಿ ಸಲ್ಲಿಸುತ್ತಿದ್ದ ಸಂಜೆಯ ಪ್ರಾರ್ಥನೆ ಬೈಬಲ್ಲಿನ ಕೀರ್ತನೆಯೊಂದರ ಈ ಪದದಿಂದ ತೊಡಗುತ್ತಿತ್ತು. (ಹೀಬ್ರೂ ಮೂಲದಲ್ಲಿರುವುದು ದೇವರೆದುರು 'ನಡೆಯುವೆನು' ಎಂದು, ಗ್ರೀಕ್ ಭಾಷಾಂತರದಲ್ಲಿ ಅದು ಮೆಚ್ಚಿಸುವುದಾಯಿತು, ಲ್ಯಾಟಿನ್ ಅದನ್ನೇ ಹಿಂಬಾಲಿಸಿತು. ಭಾಷಾಂತರಕಾರನ ಕೈವಾಡ ಎಲ್ಲಿಯವರೆಗೆ ಹೋಗುತ್ತದೆ ನೋಡಿ!) ಬರಬರುತ್ತಾ 'ಪ್ಲಸೀಬೊ ಹಾಡುವುದು' ಎಂದರೆ ಮುಖಸ್ತುತಿ ಮಾಡುವುದು ಎಂದಾಯಿತು. ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯ ವರ್ತಕನ ಕಥೆಯಲ್ಲಿ, ಎಳೆಯ ಹುಡುಗಿಯನ್ನು ಮದುವೆಯಾಗಹೊರಟ ಮುದುಕನಿಗೆ ಹೌದಪ್ಪನಾಗುವ ತಮ್ಮನ ಹೆಸರೇ ಪ್ಲಸೀಬೊ.

ಈ ಕುಖ್ಯಾತಿಯನ್ನು ಹೊತ್ತೇ ಶಬ್ದವು ವೈದ್ಯರ ಮನೆ ಸೇರಿತು. ಗುಣಕ್ಕಿಂತ ಹೆಚ್ಚಾಗಿ ರೋಗಿಯ ಮೆಚ್ಚುಗೆಗೆ ಕೊಡುವ ಔಷಧವೆಂದು 1811ರ ಒಂದು ವೈದ್ಯಕೋಶ ಅರ್ಥ ಹೇಳಿತು. ಅದಕ್ಕೂ ಮುಂಚೆ, 1807ರಲ್ಲಿ, ಅಮೆರಿಕದ ಅಧ್ಯಕ್ಷ ಜೆಫರ್ಸನ್ ತಾನು ಬಲ್ಲ ಒಬ್ಬ ಯಶಸ್ವೀ ವೈದ್ಯನ ಸಂಗತಿ ಬರೆದಿದ್ದಾನೆ: ಬೇರೆಲ್ಲ ಮದ್ದಿಗಿಂತ ಹೆಚ್ಚಾಗಿ ಆತ ಬಳಸುತ್ತಿದ್ದುದು ರೊಟ್ಟಿಯ ಗುಳಿಗೆ, ಬಣ್ಣದ ನೀರು, ಮರದ ಬೂದಿ. ಜೆಫರ್ಸನ್ ಇದನ್ನು ಪುಣ್ಯವಂಚನೆಯೆಂದು ಕ್ಷಮಿಸಿದ. ನನಗೆ ಆ ಕ್ಷಮೆ ಅಗ್ಗವೆನಿಸುತ್ತದೆ. ಪುಣ್ಯ ವೈದ್ಯನದು, ವಂಚನೆ ರೋಗಿಯದು! ತನ್ನ ದೇಹದ ನಿಜವನ್ನು ತಿಳಿಯಬೇಕಾದವನನ್ನೇ ಹೊರಗೆ ನಿಲ್ಲಿಸಿ ಮಾಡುವ ದಯೆ, ಮುದುಕನಿಗೆ ತಮ್ಮ ತೋರಿದ ದಯೆಯೇ ಅಲ್ಲವೆ?

"ನಿಜ ಹೇಳಿದರೆ ಗುಳಿಗೆ ಕೆಲಸ ಮಾಡದು" ಎಂಬುದು ವಂಚನೆಯ ಪರವಾದ ದೊಡ್ಡ ವಾದ. 2010ರಲ್ಲಿ ಹಾರ್ವರ್ಡಿನ ಕ್ಯಾಪ್‌ಚಕ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ ನೋಡಿದರು. ಕರುಳಿನ ತೊಂದರೆಯ 80 ಮಂದಿಯಲ್ಲಿ ಕೆಲವರಿಗೆ, ಇದರಲ್ಲಿ ಮದ್ದೇನೂ ಇಲ್ಲವೆಂದು ಮೊದಲೇ ತಿಳಿಸಿ ಗುಳಿಗೆ ಕೊಟ್ಟರು. ಮೂರು ವಾರಗಳಲ್ಲಿ ಅವರು ಗುಳಿಗೆ ಪಡೆಯದವರಿಗಿಂತ ಹೆಚ್ಚು ಉಪಶಮನ ಕಂಡರು. ಚಿಕ್ಕ ಪರೀಕ್ಷೆ, ನಿಜ. ಗಡ್ಡೆ ಕರಗಿಸಿದ ಪವಾಡವೂ ಅಲ್ಲ. ಇಂಥ ಗುಳಿಗೆಯಿಂದಲೂ ದೇಹಕ್ಕೆ ಹಿತವಾಗಬಹುದೆಂದು ಅವರಿಗೆ ಹೇಳಿಯೂ ಇದ್ದರು. ಅದು ಕೂಡ ಮೆಚ್ಚಿಸುವ ಮಾತೇ ಎನ್ನುವವರಿದ್ದಾರೆ. ಇರಬಹುದು. ಆದರೆ ಗುಳಿಗೆಯಲ್ಲಿ ಏನಿದೆ ಎಂಬುದು ಈ ಸಲ ಕೊಟ್ಟವನಿಗೂ ಗೊತ್ತಿತ್ತು, ನುಂಗಿದವನಿಗೂ ಗೊತ್ತಿತ್ತು.