ಶ್ರವಣಕ್ಕೆ ನಿಶ್ಚಲತೆ ಬೇಕೆ?

ಕೇಳುವವನ ದೇಹ ನಿಶ್ಚಲವಾಗಿರಬೇಕೆ ಎಂಬುದು ಶಿಶುಶಿಕ್ಷಣದ ಪ್ರಶ್ನೆಯಾಗುವ ಬಹುಮೊದಲೇ ದರ್ಶನಶಾಸ್ತ್ರದ ಪರಿಧಿಯೊಳಗೆ ಬರುವ ಪ್ರಶ್ನೆಯಾಗಿತ್ತು. ಬೃಹದಾರಣ್ಯಕೋಪನಿಷತ್ತಿನ ಯಾಜ್ಞವಲ್ಕ್ಯನು ಮೈತ್ರೇಯಿಗೆ ಆತ್ಮಜ್ಞಾನದ ಸಾಧನಗಳನ್ನು ಹೇಳುವಾಗ ಶ್ರವಣವನ್ನು, ಎಂದರೆ ಕಿವಿಗೊಟ್ಟು ಗ್ರಹಿಸುವುದನ್ನು, ಮನನ ನಿದಿಧ್ಯಾಸನಗಳಿಗಿಂತ ಮೊದಲು ಇಡುತ್ತಾನೆ. ನ್ಯಾಯ-ವೈಶೇಷಿಕರಾದರೋ ಮನಸ್ಸು ಅಣುಪರಿಮಾಣದ್ದು, ಅದು ಒಂದು ಕ್ಷಣಕ್ಕೆ ಒಂದೇ ಇಂದ್ರಿಯದೊಡನೆ ಕೂಡಬಲ್ಲದು ಎಂದು ಸಾಧಿಸುವುದರಿಂದ, ಕುಣಿಯುವ ಮಗುವಿನ ಮನಸ್ಸು ಕೈಕಾಲುಗಳಲ್ಲಿ ತೊಡಗಿರುವಾಗ ಕಿವಿಗೆ ಒದಗದು ಎಂಬ ಆಕ್ಷೇಪವನ್ನು ಅವರ ಮತದಿಂದ ಎತ್ತಬಹುದು; ಮಕ್ಕಳನ್ನು ಕೈಕಟ್ಟಿ ಕೂರಿಸುವ ಶಾಲಾಶಿಸ್ತು ತನಗರಿವಿಲ್ಲದೆಯೇ ಈ ವಾದವನ್ನು ನೆಚ್ಚಿದೆ.

ಆದರೆ ಶ್ರವಣವನ್ನೇ ಉಸಿರಾಗಿಸಿಕೊಂಡ ವೇದಪಾಠದ ರೂಢಿ ಬೇರೆಯದನ್ನೇ ಹೇಳುತ್ತದೆ. ಕೇರಳದ ನಂಬೂದಿರಿಗಳಲ್ಲಿ ಋಗ್ವೇದ ಕಲಿಸುವ ಗುರುವು ಬಾಲಕನ ತಲೆಯನ್ನು ಹಿಡಿದು ಸ್ವರಕ್ಕೆ ತಕ್ಕಂತೆ ಬಾಗಿಸುತ್ತಾನೆ. ಶುಕ್ಲಯಜುರ್ವೇದಿಗಳು ಉದಾತ್ತ, ಅನುದಾತ್ತ, ಸ್ವರಿತಗಳನ್ನು ಕೈಚಲನೆಯಿಂದ ಗುರುತಿಸುವ ಹಸ್ತಸ್ವರವನ್ನು ಪಾಠದೊಡನೆಯೇ ಕಲಿಯುತ್ತಾರೆ. ಇಲ್ಲಿ ಚಲನೆಯು ಮನಸ್ಸನ್ನು ಸೆಳೆಯುವ ಎರಡನೆಯ ವಿಷಯವಲ್ಲ, ಕೇಳಿದ ದನಿಯೇ ದೇಹದಲ್ಲಿ ಮುಂದುವರಿಯುವ ಬಗೆ. ಆದ್ದರಿಂದ ಅಣುಮನಸ್ಸಿನ ಆಕ್ಷೇಪವು ದನಿಗೆ ಸಂಬಂಧವಿಲ್ಲದ ಚಡಪಡಿಕೆಗೆ ಮಾತ್ರ ತಗಲುತ್ತದೆ. ವೀರಶೈವ ಷಟ್‌ಸ್ಥಲಶಾಸ್ತ್ರವೂ ಕಿವಿಗೆ ಪ್ರಸಾದಲಿಂಗವನ್ನು, ಚರ್ಮಕ್ಕೆ ಜಂಗಮಲಿಂಗವನ್ನು ಹೇಳಿ, ಅವೆಲ್ಲ ಒಂದೇ ಲಿಂಗದ ಭೇದಗಳೆಂದು ಕಾಣುವಾಗ, ಇಂದ್ರಿಯಗಳು ಪರಸ್ಪರ ಪೈಪೋಟಿಗಿಳಿದಿವೆ ಎಂಬ ಕಲ್ಪನೆಗೆ ಎಡೆಗೊಡುವುದಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯು ಹಾಡು, ಅಭಿನಯ, ಆಟಗಳನ್ನು ಪಾಠದೊಳಕ್ಕೆ ತಂದಿತು. ಬಳ್ಳಾರಿಯ ಪಾರ್ವತಿನಗರದಿಂದ ಸಿರುಗುಪ್ಪ, ಕುರುಗೋಡುಗಳವರೆಗೆ ಕನ್ನಡದೊಡನೆ ತೆಲುಗು, ಉರ್ದು ಮನೆಮಾತುಗಳು ಬೆರೆತಿರುವ ಸೀಮೆಯಲ್ಲಿ ಇದರ ಬೆಲೆ ಹೆಚ್ಚು. ‘ನಿಲ್ಲು’, ‘ಎರಡು ಹೆಜ್ಜೆ ಹಿಂದಕ್ಕೆ’ ಎಂಬ ಮಾತುಗಳನ್ನು ಮಗು ಅನುವಾದದ ನೆರವಿಲ್ಲದೆ ಕಾಲಿನಿಂದಲೇ ಅರ್ಥಮಾಡಿಕೊಳ್ಳಬಲ್ಲದು. ಆದರೂ ಅಭಿನಯಗೀತೆಯೆಲ್ಲ ಶ್ರವಣವಲ್ಲ, ಏಕೆಂದರೆ ಶಿಕ್ಷಕಿಯ ಕೈಯನ್ನೋ ಪಕ್ಕದ ಮಗುವನ್ನೋ ನೋಡಿ ಕುಣಿಯುವ ಮಗು ಕಲಿಯುವುದು ಕಣ್ಣಿನಿಂದ, ಮತ್ತು ತರಗತಿಗಳಲ್ಲಿ ಈ ವ್ಯತ್ಯಾಸ ಸುಲಭವಾಗಿ ಮರೆಯಾಗುತ್ತದೆ. ಆದ್ದರಿಂದ ಆಟ ಪರಿಚಿತವಾದ ಮೇಲೆ ಶಿಕ್ಷಕರು ತಮ್ಮ ಕೈಗಳನ್ನು ಸುಮ್ಮನಿರಿಸಿ, ಬರಿಯ ದನಿಯಿಂದ, ಆಗಾಗ ಕ್ರಮವನ್ನೂ ಬದಲಿಸಿ ಹೇಳಿ, ಯಾವ ಮಗು ಯಾರನ್ನೂ ನೋಡದೆ ಹೆಜ್ಜೆಯಿಡುತ್ತದೆ ಎಂಬುದನ್ನು ಗಮನಿಸಬೇಕು.