ನೋಟಕ್ಕೂ ಮಿತಿಯುಂಟೆ?

ಪರರ ಸೊತ್ತನ್ನು ಮುಟ್ಟಬಾರದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪರರ ಊರನ್ನು ಕಣ್ಣಾರೆ ಕಂಡು ಬರುವುದರಲ್ಲಿ ದೋಷವೇನು? ನೋಡುವವನು ಏನನ್ನೂ ಕೊಂಡೊಯ್ಯುವುದಿಲ್ಲ. ನೋಡಿದ ಮಾತ್ರಕ್ಕೆ ವಸ್ತು ಕಡಿಮೆಯಾಗುವುದೂ ಇಲ್ಲ. ಆದ್ದರಿಂದ ಪ್ರವಾಸವು ನಿರ್ದೋಷವಾದ ಸುಖವೆಂದು ಲೋಕದ ಎಣಿಕೆ. ಈ ಎಣಿಕೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಒಂದು ನಗರದ ನಿದರ್ಶನದಿಂದ ವಿಚಾರಿಸಬಹುದು.

ಕ್ರೊವೇಷಿಯಾ ದೇಶದ ಕಡಲ ದಂಡೆಯಲ್ಲಿ ಡುಬ್ರೋವ್ನಿಕ್ ಎಂಬ ಪುರಾತನ ನಗರವಿದೆ. ಸುಮಾರು 1,940 ಮೀಟರ್ ಉದ್ದದ ಕೋಟೆ ಗೋಡೆ ಅದನ್ನು ಸುತ್ತುವರಿದಿದೆ. ವ್ಯಾಪಾರವನ್ನೇ ನಂಬಿ ಶತಮಾನಗಳ ಕಾಲ ಬಾಳಿದ ಸಣ್ಣ ಗಣರಾಜ್ಯವದು. ಹಾಗಿದ್ದೂ 1416ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿ, ಲಾಭಕ್ಕೂ ಒಂದು ಎಲ್ಲೆಯುಂಟೆಂದು ತೋರಿಸಿತು. 1667ರ ಭೂಕಂಪದಲ್ಲಿ ಕುಸಿದು ಮತ್ತೆ ಎದ್ದಿತು. 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1991ರ ಯುದ್ಧದಲ್ಲಿ ಷೆಲ್ ದಾಳಿಗೆ ಸಿಕ್ಕಿದರೂ ಜೀರ್ಣೋದ್ಧಾರಗೊಂಡು ನಿಂತಿದೆ.

ಈ ನಗರಕ್ಕೆ ವಿಹಾರದ ಹಡಗುಗಳು ಬರುತ್ತವೆ. ಬೆಳಿಗ್ಗೆ ಗ್ರೂಜ್ ಬಂದರಿನಲ್ಲಿ ಇಳಿದ ಪ್ರಯಾಣಿಕರನ್ನು ಬಸ್ಸುಗಳು ಪೀಲೆ ಎಂಬ ಕೋಟೆ ಬಾಗಿಲಿಗೆ ತಂದು ಬಿಡುತ್ತವೆ. ಮಾರ್ಗದರ್ಶಿ ಸಂಖ್ಯೆಯ ಫಲಕವನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಾರೆ, ಗುಂಪು ಹಿಂಬಾಲಿಸುತ್ತದೆ. ಹದಿನೈದನೆಯ ಶತಮಾನದ ಓನೋಫ್ರಿಯೋ ಕಾರಂಜಿ, 1317ರಲ್ಲಿ ಸ್ಥಾಪನೆಯಾದ ಫ್ರಾನ್ಸಿಸ್ಕನ್ ಮಠದ ಔಷಧಾಲಯ, ಕಾಲ್ತುಳಿತದಿಂದಲೇ ಕನ್ನಡಿಯಂತೆ ನುಣುಪಾದ ಸುಣ್ಣಕಲ್ಲಿನ ಹಾಸಿನ ಸ್ತ್ರಾದುನ್ ಬೀದಿ, ಇವೆಲ್ಲವೂ ಕೆಲವೇ ಗಂಟೆಗಳಲ್ಲಿ ಮುಗಿಯುತ್ತವೆ. ಸಂಜೆಗೆ ಹಡಗು ಹೊರಡುತ್ತದೆ.

ಇದರಲ್ಲಿ ಯಾರೊಬ್ಬರ ನಡತೆಯೂ ತಪ್ಪಲ್ಲ. ಆದರೆ ಇಂತಹ ಸಾವಿರಾರು ಜನ ಒಂದೇ ಹೊತ್ತಿನಲ್ಲಿ ಒಂದೇ ಬಾಗಿಲಿನಿಂದ ಒಳಹೊಕ್ಕರೆ ಊರಿನವರಿಗೆ ಬೀದಿಯಲ್ಲಿ ದಾರಿಯಿಲ್ಲ. ಮನೆಗಳು ಪ್ರವಾಸಿಗಳ ಬಾಡಿಗೆ ಕೋಣೆಗಳಾಗುತ್ತವೆ, ದಿನಸಿ ಅಂಗಡಿಗಳು ಸ್ಮರಣಿಕೆಯ ಮಳಿಗೆಗಳಾಗುತ್ತವೆ. 1991ರಲ್ಲಿ ಸುಮಾರು 5,000 ಜನ ವಾಸವಾಗಿದ್ದ ಕೋಟೆಯೊಳಗೆ ಇಂದು ಇರುವವರು 2,000ಕ್ಕೂ ಕಡಿಮೆ. ಷೆಲ್ಲುಗಳು ಒಡೆದ ಛಾವಣಿಗಳಿಗೆ ಮತ್ತೆ ಹೆಂಚು ಹೊದಿಸಬಹುದು. ಬಿಟ್ಟುಹೋದ ನಿವಾಸಿಗಳನ್ನು ಮತ್ತೆ ತಂದು ಇರಿಸುವುದು ಸುಲಭವಲ್ಲ.

2019ರಲ್ಲಿ ನಗರಾಡಳಿತವು ಹಡಗು ಕಂಪನಿಗಳ ಸಂಘದೊಡನೆ ಒಪ್ಪಂದ ಮಾಡಿಕೊಂಡು, ಒಂದೇ ಹೊತ್ತಿಗೆ ಎರಡು ಹಡಗು, 4,000 ಪ್ರಯಾಣಿಕರು ಎಂಬ ಮಿತಿಯನ್ನು ಗೊತ್ತುಪಡಿಸಿತು. ನೀತಿಯ ಪ್ರಶ್ನೆ ಏಳುವುದು ಇಲ್ಲಿಯೇ. 4,001ನೆಯವನು ಯಾರು? ಅವನು ಎಲ್ಲರಂತೆಯೇ ಹಣ ಕೊಟ್ಟವನು, ಎಲ್ಲರಷ್ಟೇ ಸಭ್ಯನು. ನಾನೊಬ್ಬ ಹೋಗದಿದ್ದರೆ ಊರಿಗಾಗುವ ಲಾಭವೇನೆಂದು ಅವನು ಕೇಳಿದರೆ ಉತ್ತರಿಸುವುದು ಕಷ್ಟ. ಆದರೆ ಉಳಿದ 4,000 ಮಂದಿಯೂ ಇದೇ ಪ್ರಶ್ನೆಯನ್ನು ಕೇಳಬಲ್ಲರು. ಯಾರೂ ಮಾಡದ ಹಾನಿಯೊಂದು ಎಲ್ಲರಿಂದ ಆಗಿಬಿಡುತ್ತದೆ.

ಈ ತೊಡಕಿಗೆ ಅದೇ ನಗರದ ಇತಿಹಾಸದಲ್ಲಿ ಒಂದು ಪಾಠವಿದೆ. 1377ರಲ್ಲಿ ಅಲ್ಲಿಯ ಸಭೆಯು, ಪ್ಲೇಗಿನ ನಾಡುಗಳಿಂದ ಬಂದವರು ನಗರವನ್ನು ಪ್ರವೇಶಿಸುವ ಮೊದಲು 30 ದಿನ ಹೊರಗೆ ಕಾಯಬೇಕೆಂದು ವಿಧಿಸಿತು. ಬಂದವರೆಲ್ಲರೂ ರೋಗಿಗಳಾಗಿರಲಿಲ್ಲ. ಯಾರಿಂದ ಹಾನಿಯೆಂದು ಬೆರಳಿಟ್ಟು ತೋರಿಸಲಾಗದಿದ್ದುದರಿಂದಲೇ ಎಲ್ಲರೂ ಸಂಯಮದ ಭಾರವನ್ನು ಹೊರಬೇಕಾಯಿತು.

ಪ್ರವಾಸಿಗಳಿಂದ ಊರಿನವರಿಗೆ ಜೀವನೋಪಾಯವಿದೆಯಲ್ಲ ಎಂದು ಕೇಳಬಹುದು. ನಿಜ, ಮಾರ್ಗದರ್ಶಿಯೂ ಅಂಗಡಿಯವನೂ ಬಸ್ಸಿನ ಚಾಲಕನೂ ಅದರಿಂದಲೇ ಬದುಕುತ್ತಾರೆ. ವೃದ್ಧರಿಗೂ ಅಶಕ್ತರಿಗೂ ಹಡಗಿನ ಪ್ರಯಾಣವೇ ಅನುಕೂಲ. ಆದಕಾರಣ ಹೋಗಲೇಬಾರದೆಂಬುದು ವಿವೇಕದ ಮಾತಲ್ಲ. ಆದರೆ ಹಣ ಕೊಟ್ಟೊಡನೆ ಋಣ ತೀರಿತೆಂಬುದೂ ಸರಿಯಲ್ಲ. ಪ್ರವೇಶದ ಚೀಟಿಗೆ ಬೆಲೆಯುಂಟು. ನೆರೆಹೊರೆಯನ್ನು ಕಳೆದುಕೊಂಡ ಮುದುಕಿಯ ಒಂಟಿತನಕ್ಕೆ ಬೆಲೆ ಕಟ್ಟಿದವರಾರು?

ಒಮ್ಮೆಗೇ ತೀರುವ ಅನ್ನಾದಿಗಳು ಭೋಗ, ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ ಎಂಬ ಭೇದ ನಮ್ಮ ಶ್ರಾವಕಾಚಾರಕ್ಕೆ ಪರಿಚಿತ. ಎರಡಕ್ಕೂ ಪರಿಮಾಣವನ್ನು ಹೇಳಲಾಗಿದೆ. ನಗರದ ನೋಟವು ಉಪಭೋಗದಂತಹುದು: ತೀರದಂತೆ ಕಂಡರೂ ಸವೆಯುತ್ತದೆ. ಸಂಚಾರಕ್ಕೆ ದಿಕ್ಕುಗಳ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಳ್ಳುವ ದಿಗ್ವ್ರತದ ತಿರುಳೂ ಇದೇ. ಆಡಳಿತ ಹಾಕಿದ ಮಿತಿ ಹೊರಗಿನ ಬೇಲಿ. ಬೇಲಿಯಿಲ್ಲದೆಡೆಯಲ್ಲಿಯೂ ನಿಲ್ಲಬಲ್ಲುದು ವ್ರತ.

ಹತ್ತು ಬಂದರುಗಳ ಬದಲು ಮೂರನ್ನು ಕಂಡು ಹೆಚ್ಚು ಹೊತ್ತು ಉಳಿಯುವುದು, ಜನಸಂದಣಿಯ ತಿಂಗಳನ್ನು ಬಿಟ್ಟು ಹೋಗುವುದು, ಊರಿನವರ ಅಂಗಡಿಯಲ್ಲಿ ಕೊಳ್ಳುವುದು, ಪ್ರಾರ್ಥನಾಸ್ಥಳದಲ್ಲಿ ಮೌನವಾಗಿರುವುದು, ಇವು ಯಾರಿಗೂ ಅಸಾಧ್ಯವಲ್ಲ. ಯಾತ್ರಿಕರನ್ನು ಬರಮಾಡಿಕೊಳ್ಳುವ ಕ್ಷೇತ್ರಗಳ ಆಡಳಿತಗಾರರೂ ವಿಚಾರಿಸಬೇಕಾದ ವಿಷಯವಿದು. ಎಷ್ಟು ಊರುಗಳನ್ನು ಕಂಡೆವೆಂಬ ಲೆಕ್ಕದ ಜತೆಗೆ, ನಾವು ಹೋಗಿಬಂದ ಮೇಲೆ ಆ ಊರಿಗೆ ಉಳಿದುದೇನೆಂಬ ಲೆಕ್ಕವನ್ನೂ ಇಡುವುದು ಗೃಹಸ್ಥರಿಗೆ ಯೋಗ್ಯವಾದುದು.