ಉಂಡವರ ಪಾಲು

ವಾಲ್ಮೀಕಿಯ ಪೂರ್ವಾಶ್ರಮದ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ದಾರಿಹೋಕರನ್ನು ಸುಲಿದು ಸಂಸಾರವನ್ನು ಸಾಕುತ್ತಿದ್ದ ಆ ಬೇಡನನ್ನು ಋಷಿಗಳು ತಡೆದು, ನೀನು ಗಳಿಸುತ್ತಿರುವ ಪಾಪದಲ್ಲಿ ನಿನ್ನ ಅನ್ನವನ್ನುಣ್ಣುವ ಹೆಂಡಿರು ಮಕ್ಕಳು ಪಾಲುಗೊಳ್ಳುವರೋ ಕೇಳಿ ಬಾ ಎಂದು ಕಳುಹಿದಾಗ, ಅವನು ಮನೆಗೆ ಓಡಿಹೋಗಿ ಕೇಳಿದನಂತೆ. ನಮ್ಮನ್ನು ಸಾಕುವುದು ನಿನ್ನ ಹೊಣೆ, ಎಲ್ಲಿಂದ ತಂದೆ ಹೇಗೆ ತಂದೆ ಎಂಬುದು ನಮಗೆ ಸೇರಿದ್ದಲ್ಲ, ಫಲ ನಮ್ಮದು, ಪಾಪ ನಿನ್ನದು ಎಂದು ಅವರು ಉತ್ತರ ಕೊಟ್ಟರಂತೆ. ಕಥೆ ಮುಂದೆ ಬೇಡನ ಬೆನ್ನು ಹಿಡಿದು ಹುತ್ತದೊಳಕ್ಕೆ, ತಪಸ್ಸಿನೊಳಕ್ಕೆ, ಮಹಾಕಾವ್ಯದೊಳಕ್ಕೆ ಹೋಗುತ್ತದೆ. ಹಿಂದುಳಿದ ಆ ಮನೆಯವರು ಮರುದಿನ ಏನನ್ನುಂಡರು, ಅವರ ಉತ್ತರ ಧರ್ಮಕ್ಕೆ ಸಮ್ಮತವೇ ಎಂಬುದನ್ನು ಹೇಳದೆಯೇ ಮುಗಿಯುತ್ತದೆ. ನನ್ನ ಮನಸ್ಸು ಮಾತ್ರ ಬಹುಕಾಲದಿಂದ ಆ ಮನೆಯ ಹೊಸ್ತಿಲಲ್ಲಿಯೇ ನಿಂತಿದೆ.

ಈ ಪ್ರಶ್ನೆಯನ್ನು ನಮ್ಮ ಕೊಪ್ಪಳ ಜಿಲ್ಲೆಯ ಅಕ್ಕಿಯ ಊರಾದ ಕಾರಟಗಿಯಲ್ಲಿ ನಿಂತು ಕೇಳಿದರೆ ಅದು ಪುರಾಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರು ಈ ಸೀಮೆಯ ಕರಿಯ ಮಣ್ಣನ್ನು ಸೇರಿದ ಮೇಲೆ, ಜೋಳ ಸಜ್ಜೆಗಳ ಬೆದ್ದಲು ಭೂಮಿ ಕ್ರಮೇಣ ನೆಲ್ಲಿನ ಗದ್ದೆಯಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಗಂಗಾವತಿ, ಕಾರಟಗಿ, ಸಿಂಧನೂರುಗಳು ಗಿರಣಿಗಳ ಊರುಗಳಾಗಿ, ಇಲ್ಲಿಯ ಸೋನಾ ಮಸೂರಿ ಬೆಂಗಳೂರಿನ ಅಡಿಗೆಮನೆಗಳಿಗೂ ದೂರದೇಶಗಳಿಗೆ ಹೋದ ಕನ್ನಡಿಗರ ಅಡಿಗೆಮನೆಗಳಿಗೂ ನಿತ್ಯದ ಅನ್ನವಾಯಿತು. ಈ ಸಮೃದ್ಧಿಯ ಅಡಿಯಲ್ಲಿ ಇಬ್ಬರ ಬೆನ್ನುಗಳಿವೆ. ಒಂದು, ಎಕರೆಗೆ ಇಷ್ಟೆಂದು ಗುತ್ತಾ ಹಿಡಿದು, ಮೊಳಕಾಲುದ್ದ ಕೆಸರಿನಲ್ಲಿ ದಿನವಿಡೀ ಬಾಗಿ ಸಸಿ ಹಚ್ಚುವ ಹೆಂಗಸಿನದು. ಇನ್ನೊಂದು, ಲಾರಿಗೆ ಹಾಸಿದ ಹಲಗೆಯ ಮೇಲೆ ಹೆಜ್ಜೆ ತಪ್ಪದೆ ಚೀಲ ಹೊತ್ತು ಏರಿ ಇಳಿಯುವ ಹಮಾಲನದು. ನೆಲ್ಲಿನ ಚೀಲವೆಂದರೆ ಈ ಸೀಮೆಯ ವ್ಯವಹಾರದಲ್ಲಿ 75 ಕಿಲೋ; ಹೊರುವವನ ಮೈಯ ತೂಕ ಎಷ್ಟೋ ಸಲ ಅದಕ್ಕಿಂತ ಕಡಿಮೆ.

ಈ ಹಮಾಲನ ದಣಿ ಯಾರು? ಇಳಿಸಿದ ಕೂಲಿ ಒಬ್ಬರ ಲೆಕ್ಕದಲ್ಲಿ, ಏರಿಸಿದ ಕೂಲಿ ಮತ್ತೊಬ್ಬರ ಲೆಕ್ಕದಲ್ಲಿ. ರೈತನನ್ನು ಕೇಳಿದರೆ ದಲಾಲಿ ಅಂಗಡಿಯನ್ನು ತೋರಿಸುವನು, ದಲಾಲಿ ಗಿರಣಿಯನ್ನು, ಗಿರಣಿಯವನು ಬೆಲೆ ಕಟ್ಟುವ ಬೆಂಗಳೂರಿನ ಸಗಟು ವ್ಯಾಪಾರಿಯನ್ನು, ಅವನು ಚೀಲದ ಮೇಲೆ ತನ್ನ ಹೆಸರನ್ನಚ್ಚೊತ್ತಿಸುವ ಕಂಪನಿಯನ್ನು, ಕಂಪನಿ ಒಂದು ರೂಪಾಯಿ ಹೆಚ್ಚಾದರೂ ಬೇರೆ ಚೀಲಕ್ಕೆ ಕೈಹಾಕುವ ಗ್ರಾಹಕನನ್ನು ತೋರಿಸುವುದು. ಗ್ರಾಹಕನು ತನಗೆ ಏನೂ ತಿಳಿಯದು ಎನ್ನುವನು. ಸರಬರಾಜಿನ ಈ ಉದ್ದ ಸರಪಳಿಯಲ್ಲಿ ಯಾರೂ ಸುಳ್ಳಾಡುತ್ತಿಲ್ಲ. ಎಲ್ಲರೂ ಬೇಡನ ಮನೆಯವರ ಮಾತನ್ನೇ ಆಡುತ್ತಿದ್ದಾರೆ.

ಕರ್ಮದ ಹೊಣೆಯನ್ನು ಕುರಿತು ಚಿಂತಿಸಿದ ನಮ್ಮ ಪ್ರಾಚೀನರು ಅದನ್ನು ಮಾಡಿದವನೊಬ್ಬನ ತಲೆಗೇ ಕಟ್ಟಿ ಸುಮ್ಮನಾಗಲಿಲ್ಲ. ಮಾಡಿಸಿದವನೂ ಪ್ರೇರಿಸಿದವನೂ ಸಮ್ಮತಿಯಿತ್ತವನೂ ಅವನೊಡನೆ ಸಮಾನಭಾಗಿಗಳೆಂದು ನಿರ್ಣಯಿಸಿದರು. ಇಲ್ಲಿ ‘ಸಮಾನಭಾಗ’ ಎಂಬುದರ ಅರ್ಥವನ್ನು ತಾಳ್ಮೆಯಿಂದ ವಿಚಾರಿಸಬೇಕು. ಲಾಭವನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬನಿಗೆ ಕಾಲುಭಾಗ ಬರುತ್ತದೆ. ಪಾತಕವನ್ನು ನಾಲ್ವರು ಕೂಡಿ ಮಾಡಿದರೆ ಒಬ್ಬೊಬ್ಬನಿಗೂ ಇಡಿಯಾಗಿ ಬರುತ್ತದೆ. ಇಂದಿನ ವ್ಯಾಪಾರ ಈ ಲೆಕ್ಕವನ್ನು ತಲೆಕೆಳಗುಮಾಡಿ, ಕೈಗಳು ಹೆಚ್ಚಿದಷ್ಟೂ ಪ್ರತಿಯೊಂದು ಕೈಗೆ ಅಂಟುವ ಮಸಿ ತೆಳುವಾಗುವುದೆಂದು ನಂಬಿದೆ. ಮೂಲದಲ್ಲಿಯೇ ತಪ್ಪಿದ ನಂಬಿಕೆ ಅದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಪ್ರಾಚೀನರಿಗೆ ತಕ್ಕಮಟ್ಟಿಗೆ ಸಮೀಪವಾಗಿಯೇ ನಡೆದಿದೆ. ಗುತ್ತಿಗೆದಾರನು ಕೂಲಿಯನ್ನು ಕೊಡದೆ ಹೋದರೆ ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ವಿಧಿಸಿತು. ಮೈಗೆ ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆ ಹೇಳಿತು. 1967ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಾಳಿಗೂ 55 ಕಿಲೋವೇ ಮೇರೆಯಾಗಲಿ ಎಂದು ಶಿಫಾರಸು ಮಾಡಿತು. ಆದರೆ ಮಾಲೀಕನೇ ಇಂಥವನೆಂದು ಗೊತ್ತಾಗದ ಕಡೆ ಇಂಥ ಕಾಯಿದೆ ಯಾರ ಬಾಗಿಲನ್ನು ತಟ್ಟಬೇಕು? ಈ ತೊಡಕನ್ನು ಬಿಡಿಸಿದವರು ನೆರೆಯ ಮಹಾರಾಷ್ಟ್ರದವರು. ಅಲ್ಲಿಯ ಹಮಾಲರ ಚಳವಳಿಗಳ ಫಲವಾಗಿ 1969ರಲ್ಲಿ ಬಂದ ಮಾಥಾಡಿ ಕಾಯಿದೆ, ಹಮಾಲರನ್ನೂ ಅವರಿಂದ ಕೆಲಸ ಮಾಡಿಸಿಕೊಳ್ಳುವ ವರ್ತಕರನ್ನೂ ಒಂದೇ ಮಂಡಳಿಯಲ್ಲಿ ನೋಂದಾಯಿಸಿ, ಕೂಲಿಯ ಜೊತೆಗೆ ಭವಿಷ್ಯನಿಧಿ ಮುಂತಾದವುಗಳಿಗಾಗಿ ಇಂತಿಷ್ಟು ಎಂದು ವರ್ತಕರಿಂದ ವಸೂಲು ಮಾಡುವ ಏರ್ಪಾಡನ್ನು ಮಾಡಿತು. ಒಬ್ಬ ದಣಿ ಸಿಗದಿದ್ದರೆ ಉಂಡವರೆಲ್ಲ ಕೂಡಿ ದಣಿಗಳಾಗಿರಿ ಎಂದಂತಾಯಿತು. ಪುಣೆಯ ಹಮಾಲ ಪಂಚಾಯತಿಯ ಬಾಬಾ ಆಢಾವರಂಥವರ ಆಯುಷ್ಯ ಈ ಕೆಲಸದಲ್ಲಿ ಸಂದಿತು.

ಬೆಲೆಯನ್ನು ಕಟ್ಟುವವನು ಕೂಲಿಯನ್ನೂ ಕಟ್ಟುತ್ತಾನೆ ಎಂಬುದಕ್ಕೆ ನಮ್ಮ ಜಿಲ್ಲೆಯ ಮಳೆಯಾಶ್ರಿತ ಭಾಗವಾದ ಕೊಪ್ಪಳ, ಕುಷ್ಟಗಿಗಳ ಕಡೆಗೆ ನೋಡಬೇಕು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕತರಕಿಯವರು ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ಹತ್ತಿಯನ್ನು ರೂಪಿಸಿದರು. ವಿದ್ಯೆಯ ದೃಷ್ಟಿಯಿಂದ ಅದು ನಾಡು ಹೆಮ್ಮೆಪಡತಕ್ಕ ಸಾಧನೆ. ಆದರೆ ಹೈಬ್ರಿಡ್ ಬೀಜವಾಗಬೇಕಾದರೆ ಸಂಜೆ ಒಂದೊಂದು ಮೊಗ್ಗನ್ನೂ ಬಿಡಿಸಿ ಗಂಡುಭಾಗವನ್ನು ತೆಗೆದು, ಮರುದಿನ ಬೆಳಗ್ಗೆ ಇನ್ನೊಂದು ಹೂವಿನ ಪರಾಗವನ್ನು ಕೈಯಿಂದಲೇ ಸವರಬೇಕು. ಕೊಪ್ಪಳ, ಕುಷ್ಟಗಿಗಳ ಕಡೆಯ ಹತ್ತಿಬೀಜದ ಹೊಲಗಳಲ್ಲಿ ಈ ಕ್ರಾಸಿಂಗ್ ಕೆಲಸಕ್ಕೆ ತೆಳ್ಳನೆಯ ಬೆರಳು ಲೇಸೆಂದು, ಕೂಲಿಯೂ ಅಗ್ಗವೆಂದು, ಶಾಲೆಯಲ್ಲಿರಬೇಕಾದ ಹೆಣ್ಣುಮಕ್ಕಳನ್ನು ಹೊಲಕ್ಕೆ ಕರೆದೊಯ್ದರು. ಈ ಸಂಗತಿ ಬೆಳಕಿಗೆ ಬಂದಾಗ ದೊಡ್ಡ ಬೀಜದ ಕಂಪನಿಗಳು ಕೊಟ್ಟ ಮೊದಲ ಉತ್ತರ, ಮಕ್ಕಳನ್ನು ದುಡಿಸಿದವನು ರೈತ, ನಾವಲ್ಲ ಎಂದು. ಮೂಲಬೀಜ ಕೊಟ್ಟವರು ಅವರು, ಕೊಳ್ಳುವ ಬೆಲೆ ನಿಗದಿ ಮಾಡಿದವರು ಅವರು. ವಯಸ್ಕರಿಗೆ ನ್ಯಾಯವಾದ ಕೂಲಿ ಕೊಟ್ಟರೆ ರೈತನಿಗೆ ಏನೂ ಉಳಿಯದಂಥ ಬೆಲೆಯನ್ನು ಕಟ್ಟಿದ ಮೇಲೆ, ಮಗುವನ್ನು ಹೊಲಕ್ಕೆ ಕಳುಹಿದ ಕೈ ಯಾವುದೆಂದು ಬೇರೆ ಹುಡುಕಬೇಕಾದ್ದಿಲ್ಲ.

ದೂರದವನನ್ನು ಕೇಳಿ ಪ್ರಯೋಜನವಿಲ್ಲವೆಂಬ ನಿರಾಶೆಯೂ ಸಲ್ಲದು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಉಡುಪಿನ ಕಾರ್ಖಾನೆಯೊಂದು ಮುಚ್ಚಿ 1,200ಕ್ಕೂ ಮಿಕ್ಕ ಕಾರ್ಮಿಕರು, ಬಹುಪಾಲು ಹೆಂಗಸರು, ಬೀದಿಗೆ ಬಂದಾಗ, ಅವರ ಸಂಘ ಕಾರ್ಖಾನೆಯ ಬಾಗಿಲಲ್ಲಿ ಕುಳಿತಂತೆಯೇ ಆ ಬಟ್ಟೆಯನ್ನು ಕೊಳ್ಳುತ್ತಿದ್ದ ಸ್ವೀಡನ್ನಿನ ಕಂಪನಿಯ ಬಾಗಿಲನ್ನೂ ತಟ್ಟಿತು. 2021ರ ಫೆಬ್ರವರಿಯಲ್ಲಿ ಸಂಘಕ್ಕೂ ಕಾರ್ಖಾನೆಯವರಿಗೂ ಒಪ್ಪಂದವಾಯಿತು.

ಇನ್ನು ಬೇಡನ ಮನೆಯ ಹೊಸ್ತಿಲಿಗೆ ಮರಳುತ್ತೇನೆ. ಆ ಮನೆಯವರು ಕೊಡದ ಉತ್ತರವನ್ನು ಕೊಟ್ಟ ಇನ್ನೊಂದು ಮನೆ ನಮ್ಮ ಈ ಸೀಮೆಯದೇ. ಇಲ್ಲಿಗೆ ದೂರವಲ್ಲದ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಮಾರಯ್ಯ ಲಕ್ಕಮ್ಮ ದಂಪತಿಗಳು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ಸೇರಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕವಾದುದರಿಂದ ಅವರಿಗೆ ಆಯ್ದಕ್ಕಿಯವರೆಂದೇ ಹೆಸರು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ಅದನ್ನು ಒಲೆಗೆ ಏರಿಸದೆ, ಇಷ್ಟು ಎಲ್ಲಿಂದ ಬಂತೆಂದು ಕೇಳಿ, ಮಿಕ್ಕದ್ದನ್ನು ತೆಗೆದಲ್ಲಿಯೇ ಚೆಲ್ಲಿ ಬರುವಂತೆ ಕಳುಹಿದಳು. ಆ ಅಕ್ಕಿ ಕದ್ದದ್ದಲ್ಲ. ತಮಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚೆಂಬುದೊಂದೇ ಅವಳ ಆಕ್ಷೇಪ. ಅಕ್ಕಿಯ ದಾರಿಯಲ್ಲಿ ಕೊನೆಯವಳಾಗಿ, ಒಲೆಯ ಮುಂದೆ ನಿಂತವಳು ಅವಳು. ನನಗೇನು ಗೊತ್ತು ಎನ್ನುವ ಅವಕಾಶ ಯಾರಿಗಾದರೂ ಇದ್ದಿದ್ದರೆ ಅದು ಅವಳಿಗೆ ಇತ್ತು. ಕಾಯಕವನ್ನು ಕುರಿತ ನಮ್ಮ ಭಾಷಣಗಳು ದುಡಿಯುವವನಿಗೆ ದುಡಿಮೆಯ ಮಹಿಮೆಯನ್ನು ಬೋಧಿಸುತ್ತ ಬಂದಿವೆ. ಪರರ ಕಾಯಕದ ಫಲವನ್ನು ಪಡೆಯುವವನು ಅದರ ಮೂಲವನ್ನು ವಿಚಾರಿಸಬೇಕೆಂಬ ಅರ್ಧವನ್ನು ನಾವು ಮರೆತೆವು; ಲಕ್ಕಮ್ಮ ಮರೆಯಲಿಲ್ಲ.

ಹಾಗೆ ಮೂಲವನ್ನು ವಿಚಾರಿಸಿದರೆ ಮೊದಲು ಇಳಿಸಬೇಕಾದ್ದು ಹಮಾಲನ ಬೆನ್ನಿನ ಮೇಲಿನ ಆ 75 ಕಿಲೋ ಭಾರ. ಚೀಲವನ್ನು ಚಿಕ್ಕದುಮಾಡಿದರೆ ಗೋಣಿಯ ಖರ್ಚು ಹೆಚ್ಚುವುದು, ಚೀಲದ ಲೆಕ್ಕದ ಕೂಲಿಯೂ ಗೊಂದಲವಾಗುವುದು ಎಂಬ ಆಕ್ಷೇಪವುಂಟು. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಭಾರದೊಡನೆ ಕೂಲಿಯೂ ಇಳಿಯುವುದಾದರೆ ಹಮಾಲನೇ ಹಳೆಯ ಚೀಲವನ್ನು ಬೇಡುವನು. ಆದರೆ ಒಂದು ಸಂಗತಿಯನ್ನು ನೆನೆಯಬೇಕು. 2022ರ ಜುಲೈ 18ರಂದು, ಮೊದಲೇ ತುಂಬಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಯ ಚೀಲಕ್ಕೆ ಶೇಕಡಾ 5 ಜಿಎಸ್‌ಟಿ ಬಂದಿತು. ಹೆಚ್ಚು ಕಾಲ ಹೋಗದೆ ಅಂಗಡಿಗಳಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡಿತು. ತೆರಿಗೆಗಾಗಿ ಚೀಲದ ಅಳತೆ ಇಷ್ಟು ಬೇಗ ಬದಲಾಗುವುದಾದರೆ, ಮನುಷ್ಯನ ಬೆನ್ನಿಗಾಗಿ ಅದು ಬದಲಾಗಲಾರದೆಂಬ ಮಾತನ್ನು ನಾನು ಒಪ್ಪಲಾರೆ. ಸರ್ಕಾರದ ಪಡಿತರದ ಧಾನ್ಯವೂ ಸಿಮೆಂಟೂ 50 ಕಿಲೋ ಚೀಲಗಳಲ್ಲಿಯೇ ಸಾಗುತ್ತಿವೆ.

ಆದುದರಿಂದ ಕಾರಟಗಿಯ ದಲಾಲರನ್ನೂ ಗಿರಣಿಗಳ ಯಜಮಾನರನ್ನೂ, ಅವರಿಂದ ಕೊಂಡು ತಮ್ಮ ಹೆಸರಿನಲ್ಲಿ ಮಾರುವ ಕಂಪನಿಗಳನ್ನೂ ಬೇಡಿಕೊಳ್ಳುತ್ತೇನೆ: ಮುಂದಿನ ಸುಗ್ಗಿಯ ನೆಲ್ಲನ್ನು 50 ಕಿಲೋ ಚೀಲದಲ್ಲಿ ತುಂಬಿಸಿರಿ, ಹಮಾಲನ ದಿನದ ಗಳಿಕೆ ಕುಗ್ಗದಂತೆ ದರವನ್ನು ಕಟ್ಟಿರಿ, ಅವನ ಹೆಸರನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿರಿ. ಇದನ್ನು ಓದುತ್ತಿರುವ ಗೃಹಸ್ಥರೇ, ಗೃಹಿಣಿಯರೇ, ಈ ಸಲ ಅಕ್ಕಿ ತರುವಾಗ ಅಂಗಡಿಯವರನ್ನು ಒಂದು ಮಾತು ಕೇಳಿರಿ: ಈ ಚೀಲವನ್ನು ಹೊತ್ತವರಿಗೆ ಏನು ಕೊಟ್ಟರು?